ಖಾಲಿ ಉಳಿದಿದ್ದ ಒಂದು ಕಾಲಂ

ಹೊರಡುವುದಕ್ಕೆ ಇನ್ನು ಹನ್ನೊಂದು ದಿನ ಇತ್ತು. ಆ ಶನಿವಾರ ಬೆಳಿಗ್ಗೆ ಕಾಗದಪತ್ರಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಕೀನ್ಯಾ, ಉಗಾಂಡಾ, ರುವಾಂಡಾ, ತಾಂಜಾನಿಯಾ. ನಾಲ್ಕು ದೇಶ, ಐದು ತಿಂಗಳು, ಆರು ಮಂದಿಯ ಕ್ರೈಸ್ತ ಸೇವಾ ತಂಡ. ಒಂದೊಂದು ದೇಶಕ್ಕೂ ಒಂದೊಂದು ಕಡತ ಮಾಡಿಟ್ಟಿದ್ದೆ. ಅವತ್ತು ಸಂಜೆಯೊಳಗೆ ಎಲ್ಲ ಅರ್ಜಿಗಳನ್ನೂ ತುಂಬಿ ತಂಡದ ನಾಯಕರಿಗೆ ಕೊಡಬೇಕಿತ್ತು.

ವೀಸಾದ ಕೆಲಸ ಅಷ್ಟರಲ್ಲಿ ಮುಗಿದಿತ್ತು, ಆದರೆ ಸುಲಭವಾಗಿ ಮುಗಿದಿರಲಿಲ್ಲ. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ 90 ದಿನಗಳ ಒಂದೇ ಪ್ರವಾಸಿ ವೀಸಾ ಸಿಗುತ್ತದೆ. ಅದನ್ನೇ ಮಾಡಿಸಿಬಿಡೋಣ ಎಂದು ತಂಡದಲ್ಲಿ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ನಾವು ಹೋಗುತ್ತಿರುವುದು ಊರು ನೋಡುವುದಕ್ಕಲ್ಲ. ಅರ್ಜಿಯಲ್ಲಿ ಒಂದು ಕಾರಣ ಬರೆದು, ಗಡಿ ದಾಟಿದ ಮೇಲೆ ಇನ್ನೊಂದು ಕೆಲಸಕ್ಕೆ ಸತ್ಯವೇದ ತೆರೆಯುವುದು ನನ್ನಿಂದಾಗದು. ಆತಿಥ್ಯ ಕೊಡುವ ಅಲ್ಲಿನ ಕ್ರೈಸ್ತ ಸಭೆಗಳಿಂದಲೇ ಪತ್ರ ತರಿಸಿ, ಏನು ಮಾಡಲು ಬರುತ್ತಿದ್ದೇವೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಅನುಮತಿ ಪಡೆದೆವು. ಎರಡು ತಿಂಗಳು ಹೆಚ್ಚು ಹಿಡಿಯಿತು. ಆ ಎರಡು ತಿಂಗಳ ಬಗ್ಗೆ ನನಗೆ ಬೇಸರವಿಲ್ಲ.

ಹಳದಿ ಜ್ವರದ ಲಸಿಕೆಯ ಪುಸ್ತಿಕೆ ಪಾಸ್‌ಪೋರ್ಟಿನೊಳಗೇ ಇತ್ತು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಆ ಪ್ರಮಾಣಪತ್ರಕ್ಕೆ ಬೆಲೆ. ಮೊದಲು ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, 2016ರಿಂದ ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾಕ್ಕೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದರು. ಹೊರಡುವ ಎರಡು ದಿನ ಮೊದಲು ಶುರು, ಅಲ್ಲಿರುವ ಅಷ್ಟೂ ದಿನ ತಪ್ಪದೆ ಒಂದೊಂದು, ವಾಪಸು ಬಂದ ಮೇಲೂ ನಾಲ್ಕು ವಾರ. ಎರಡು, ನೂರೈವತ್ತು, ಇಪ್ಪತ್ತೆಂಟು: ಒಟ್ಟು 180 ಮಾತ್ರೆ. ಬಂದ ಮೇಲಿನ ಇಪ್ಪತ್ತೆಂಟನ್ನು ಹೆಚ್ಚಿನವರು ಮರೆಯುತ್ತಾರೆ ಎಂದು ವೈದ್ಯರು ಎರಡು ಸಲ ಹೇಳಿದ್ದರು. ಜ್ವರದ ಬೀಜ ಮೈಯೊಳಗೆ ಕೂತು ಮನೆ ಸೇರಿದ ಮೇಲೆ ತಲೆ ಎತ್ತಬಹುದಂತೆ.

ಮಕ್ಕಳ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿದೆ. ಯಾವ ಮಗುವಿನ ಜೊತೆಯೂ ಒಬ್ಬರೇ ಇರಬಾರದು, ಮನೆಯವರನ್ನು ಕೇಳದೆ ಫೋಟೋ ತೆಗೆಯಬಾರದು, ತೆಗೆದರೂ ಎಲ್ಲೂ ಹಾಕಬಾರದು. ಇಂಥ ನಿಯಮಗಳನ್ನು ಅನುಮಾನ ಎಂದು ತಿಳಿದು ಮುನಿಸಿಕೊಳ್ಳುವವರನ್ನು ನೋಡಿದ್ದೇನೆ. ಸೇವೆ ಎಂಬ ಮಾತು ಬಾಗಿಲುಗಳನ್ನು ಸುಲಭವಾಗಿ ತೆರೆಸುತ್ತದೆ. ಹಾಗೆ ತೆರೆದ ಬಾಗಿಲಿಗೆ ಕಾವಲು ಇರಲೇಬೇಕು.

ಆಮೇಲೆ ಬಂದದ್ದು ಕೊನೆಯ ಹಾಳೆ. ವೈದ್ಯಕೀಯ ವಿಮೆಯದು, ಕಾಯಿಲೆ ಬಿದ್ದರೆ ವಿಮಾನದಲ್ಲಿ ಸಾಗಿಸುವ ಖರ್ಚೂ ಸೇರಿದ್ದು. ಹೆಸರು, ರಕ್ತದ ಗುಂಪು, ಅಲರ್ಜಿ. ಕೆಳಗೆ: ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದ ಹತ್ತಿರದ ರಕ್ತಸಂಬಂಧಿ.

ಅಪ್ಪ ಇಲ್ಲ, ಅಮ್ಮ ಇಲ್ಲ. ಇರುವುದು ಅಣ್ಣ ಒಬ್ಬನೇ. ಅವನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಪೆನ್ನು ಕೆಳಗಿಟ್ಟು ರುವಾಂಡಾದ ಕಡತ ಕೈಗೆತ್ತಿಕೊಂಡೆ. ಅದರಲ್ಲಿ ಒಂಬತ್ತು ಪುಟಗಳ ಪಾಠವಿತ್ತು. ಅಲ್ಲಿನ ಯೌವನಸ್ಥರ ಕೂಟದಲ್ಲಿ ಮೂರು ದಿನ ನಾನು ನಡೆಸಬೇಕಾಗಿದ್ದ ಪಾಠ, ವಿಷಯ ಸಮಾಧಾನ, ಅಂದರೆ ಮುರಿದ ಸಂಬಂಧಗಳು ಮತ್ತೆ ಕೂಡುವುದು. ಅದಕ್ಕಾಗಿ ತಿಂಗಳುಗಟ್ಟಲೆ ಓದಿದ್ದೆ. 1994ರ ಏಪ್ರಿಲಿನಿಂದ ಜುಲೈವರೆಗೆ, ಸುಮಾರು ನೂರು ದಿನಗಳಲ್ಲಿ, ಆ ಪುಟ್ಟ ದೇಶದಲ್ಲಿ 8 ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದರು. ಕೊಂದವರಲ್ಲಿ ನೆರೆಹೊರೆಯವರಿದ್ದರು. ನ್ಯಾಮಾಟ, ನ್ಟರಾಮಾ ಎಂಬಲ್ಲಿ ಜನ ಚರ್ಚುಗಳೊಳಗೆ ಓಡಿಹೋಗಿ ಆಸರೆ ಪಡೆದರು, ದೇವರ ಮನೆಯಲ್ಲಿ ಯಾರೂ ಕೈ ಎತ್ತುವುದಿಲ್ಲ ಎಂದು ನಂಬಿ. ಅಲ್ಲೇ ಸಾವಿರಾರು ಜನ ಸತ್ತರು. ಆ ಕಟ್ಟಡಗಳು ಈಗ ಸ್ಮಾರಕಗಳಾಗಿವೆ. ಅಂಥ ನೆಲಕ್ಕೆ ಹೋಗುವ ಕ್ರೈಸ್ತರು ಇದನ್ನು ತಿಳಿಯದೆ ಬಾಯಿ ತೆರೆಯಬಾರದು ಎಂದು ನನ್ನ ಪಾಠದ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ. ಅವರ ದುಃಖಕ್ಕೂ ನಮ್ಮ ಮನೆಯ ಜಗಳಕ್ಕೂ ಹೋಲಿಕೆಯೇ ಇಲ್ಲ. ಆದರೂ ಒಂಬತ್ತು ಪುಟ ಬರೆದ ಆ ಕೈಗೆ ಅಣ್ಣನ ಹೆಸರು ಬರೆಯಲು ಆಗುತ್ತಿರಲಿಲ್ಲ.

ಜಗಳ ಆದದ್ದು ಇಂಥದೇ ಒಂದು ಪ್ರಯಾಣದ ವಿಷಯಕ್ಕೆ. ಅಪ್ಪ ಹಾಸಿಗೆ ಹಿಡಿದಾಗ ನಾನು ಬೇರೆ ದೇಶದಲ್ಲಿದ್ದೆ. ಅಣ್ಣ ಬರಲು ಹೇಳಿದ. ಸೇವೆ ಅರ್ಧಕ್ಕೆ ಬಿಟ್ಟು ಬರಲಾಗದು, ಕರ್ತನು ನೋಡಿಕೊಳ್ಳುತ್ತಾನೆ ಎಂದು ಉತ್ತರ ಕೊಟ್ಟೆ. ಕರ್ತನು ನೋಡಿಕೊಂಡದ್ದು ಅಣ್ಣನ ಎರಡು ಕೈಗಳಿಂದ. ಅಪ್ಪನ ಮೈ ಒರೆಸಿದ್ದು, ಮಗ್ಗುಲು ಬದಲಿಸಿದ್ದು, ರಾತ್ರಿ ಎಚ್ಚರವಿದ್ದದ್ದು ಎಲ್ಲ ಅವನೇ. ನಾನು ಬಂದದ್ದು ಮಣ್ಣಿಗೆ.

ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ ಕೊರ್ಬಾನ್ ಎಂಬ ಮಾತು ಬರುತ್ತದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಇದು ದೇವರಿಗೆ ಮೀಸಲು ಎಂದು ಹೇಳಿ, ಅವರಿಗೆ ಕೊಡದೆ ಉಳಿಸಿಕೊಳ್ಳುತ್ತಿದ್ದವರನ್ನು ಯೇಸು ಗದರಿಸಿದ ಭಾಗ ಅದು. ಎಷ್ಟೋ ಸಲ ಓದಿದ್ದೇನೆ, ಆ ಕಾಲದ ಕಟ್ಟುನಿಟ್ಟಿನ ಯೆಹೂದ್ಯ ಪಂಗಡದವರಾದ ಫರಿಸಾಯರಿಗೆ ಹೇಳಿದ್ದು ಎಂದು ದಾಟಿದ್ದೇನೆ. ಆ ಬೆಳಿಗ್ಗೆ ದಾಟಲಾಗಲಿಲ್ಲ. ಕಾಗದಗಳ ನಡುವೆ ಮೊಣಕಾಲೂರಿದೆ. ಪ್ರಾರ್ಥನೆಗೆ ಮಾತು ಹುಟ್ಟಲಿಲ್ಲ. ಎದ್ದು ಫೋನ್ ತೆಗೆದುಕೊಂಡೆ.

ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿ ಸುಮ್ಮನಿದ್ದ.

"ಅಪ್ಪನ ಕೊನೆಯ ದಿನಗಳನ್ನೆಲ್ಲ ನೀನೊಬ್ಬನೇ ಹೊತ್ತೆ. ನಾನು ದೇವರ ಹೆಸರು ಹೇಳಿ ತಪ್ಪಿಸಿಕೊಂಡೆ. ಬರಬಹುದಾಗಿತ್ತು, ಬರಲಿಲ್ಲ" ಎಂದೆ. ಒಂದೇ ಉಸಿರಿಗೆ ಹೇಳಿದ್ದೆ. ಇನ್ನೇನು ಹೇಳಬೇಕೋ ತೋಚಲಿಲ್ಲ.

ತುಂಬಾ ಹೊತ್ತಿನ ಮೇಲೆ ಅವನು, "ಅಪ್ಪ ಕೇಳ್ತಿದ್ರು. ಸಂಜೆ ಹೊತ್ತು ಕೇಳ್ತಿದ್ರು, ಬಂದ್ಯಾ ಅಂತ" ಎಂದ. ಅದನ್ನು ಮೂರು ವರ್ಷ ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ನಾನು ಅತ್ತೆ. ಅವನು ಫೋನ್ ಇಡಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಮತ್ತೆ ಹೊರಟೆಯಾ?"

"ಹೂಂ. ಐದು ತಿಂಗಳು. ನೀನು ಬೇಡ ಅಂದರೆ..."

"ನಾನ್ಯಾರು ಬೇಡ ಅನ್ನೋಕೆ. ಹೋಗು. ಎಲ್ಲೆಲ್ಲಿಗೆ?"

ಹೇಳಿದೆ. ವಿಮೆಯ ಹಾಳೆಯ ವಿಷಯವನ್ನೂ ಹೇಳಿದೆ, ಮಾತ್ರೆಗಳ ಲೆಕ್ಕವನ್ನೂ ಹೇಳಿದೆ. ನಂಬರು ಅದೇ ಇದೆ, ಬರೆದುಕೋ ಎಂದ. ಬರೆದೆ.

ಮಧ್ಯಾಹ್ನ ರುವಾಂಡಾದ ಸಭಾಪಾಲಕರಿಗೆ ಪತ್ರ ಬರೆದು, ಆ ಮೂರು ದಿನ ನಿಮ್ಮ ಸಭೆಯ ಹಿರಿಯರೊಬ್ಬರು ಕೂಟ ನಡೆಸಿದರೆ ನಾನು ಯೌವನಸ್ಥರ ಜೊತೆ ಕೂತು ಕೇಳಬಹುದೇ ಎಂದು ವಿಚಾರಿಸಿದೆ. ಒಂಬತ್ತು ಪುಟಗಳನ್ನು ಕಡತದಿಂದ ತೆಗೆದಿಟ್ಟೆ. ಆ ಜಾಗಕ್ಕೆ ಖಾಲಿ ನೋಟ್‌ಬುಕ್ ಹಾಕಿದೆ.

ರಾತ್ರಿ ಹತ್ತರ ಮೇಲೆ ಫೋನ್ ಬಂತು. ಅಣ್ಣ.

"ಆ ಮಾತ್ರೆ ಬಂದ ಮೇಲೂ ನಾಲ್ಕು ವಾರ ಅಂದೆಯಲ್ಲ?"

"ಹೌದು."

"ದಿನಾ ಸಂಜೆ ಫೋನ್ ಮಾಡ್ತೀನಿ. ತಗೊಂಡೆಯಾ ಅಂತ ಕೇಳ್ತೀನಿ."