ಬಾಟಲಿಯೊಳಗಿನ ಗುಳ್ಳೆಗಳು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಹಡಿ ಹತ್ತುವಾಗ ಬಲ ಎದೆಯಲ್ಲಿ ಛಳಕ್ಕೆಂದ ನೋವನ್ನು ಗ್ಯಾಸ್ಟ್ರಿಕ್ ಎಂದೇ ಭಾವಿಸಿ, ಸೋಡಾ ಕುಡಿದು ಅರ್ಧ ದಿನ ಕಳೆದೆ. ಸಂಜೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶ ಭಾಗಶಃ ಕುಸಿದಿತ್ತು. ಅದರ ಮೇಲ್ಮೈಯ ಸಣ್ಣ ಬೊಕ್ಕೆಯೊಂದು ಒಡೆದು ಸೋರಿದ ಗಾಳಿ, ಎದೆಗೂಡಿಗೂ ಶ್ವಾಸಕೋಶಕ್ಕೂ ನಡುವೆ ಸೇರಿಕೊಂಡು ಅದನ್ನು ಹಿಗ್ಗಲು ಬಿಡುತ್ತಿರಲಿಲ್ಲ. ಕುಸಿತ ಸಣ್ಣದಿದ್ದು ಉಸಿರಾಟ ಸಲೀಸಾಗಿದ್ದರೆ ನಿಗಾ ಇಟ್ಟು ಕಾಯುವುದುಂಟು. ನನಗೆ ಏದುಸಿರಿದ್ದುದರಿಂದ ಜಾಗ ಮರಗಟ್ಟಿಸಿ ಪಕ್ಕೆಲುಬುಗಳ ನಡುವೆ ಕೊಳವೆ ಹಾಕಿದರು. ಅದರ ಇನ್ನೊಂದು ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ: ಗಾಳಿ ಗುಳ್ಳೆಗಳಾಗಿ ಹೊರಬೀಳುತ್ತದೆ, ಹಿಂದಿರುಗಲಾರದು. ಶೌಚಾಲಯಕ್ಕೆ ಹೋಗುವಾಗಲೂ ಬಾಟಲಿ ಎದೆಮಟ್ಟಕ್ಕಿಂತ ಕೆಳಗೇ ಇರಬೇಕಿತ್ತು; ಅಮ್ಮ ಅದನ್ನು ಹಾಲಿನ ಕ್ಯಾನಿನಂತೆ ಹಿಡಿದು ಜೊತೆಗೆ ನಡೆಯುತ್ತಿದ್ದರು. “ಒಂದ್ಸಲ ಕೆಮ್ಮಪ್ಪ, ಗುಳ್ಳೆ ಬರ್ತಾವೇನು ನೋಡೋಣ” ಎನ್ನುತ್ತಿದ್ದರು.

4ನೆಯ ದಿನ ಕೆಮ್ಮಿದರೂ ಗುಳ್ಳೆ ಏಳಲಿಲ್ಲ. ಮರುದಿನ ಎಕ್ಸ್‌ರೇ ನೋಡಿ ಕೊಳವೆ ತೆಗೆದರು. ಮನೆಯಲ್ಲಿ ಉಸಿರೆಳೆದಂತೆ ಚೆಂಡು ಮೇಲೇರುವ, ಮೂರು ಚೆಂಡುಗಳ ಉಸಿರಾಟದ ಸಾಧನದಲ್ಲಿ ಉಸಿರೆಳೆಯುತ್ತ ಕುಳಿತೆ; ಮೂರನೆಯ ಚೆಂಡು ಮೇಲೇರಲು ಎರಡು ವಾರ ಬೇಕಾಯಿತು. ಸೇದುವವರಲ್ಲಿ ಇದು ಮರುಕಳಿಸುವ ಸಂಭವ ಹೆಚ್ಚೆಂದು ಕೇಳಿ ಸಿಗರೇಟು ಬಿಟ್ಟೆ. ಶ್ವಾಸಕೋಶ ಪೂರ್ತಿ ಹಿಗ್ಗಿದ್ದು ಖಚಿತವಾಗುವವರೆಗೆ ವಿಮಾನ ಹತ್ತಬಾರದೆಂಬ ನಿಷೇಧ ಮಾತ್ರ ಭಾರವೆನಿಸಲಿಲ್ಲ, ವಿಮಾನ ನಿಲ್ದಾಣವೇ ಇಲ್ಲದ ಊರು ನಮ್ಮದು.