ಗುಜರಿಗೆ ಹೋದ ಸೀರೆ ಗಾರ್ಡು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಯಾವತ್ತೂ ಕಾರು ನಿಂತಿಲ್ಲ. ಹನ್ನೊಂದು ವರ್ಷದಿಂದ ಅಲ್ಲಿರುವುದು ಅಪ್ಪನ ಯೆಜ್ಡಿ ಬೈಕು, ಅದರ ಮೇಲೆ ಅಮ್ಮ ಒಣಗಲು ಹಾಕುವ ಕಾಲೊರಸು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ, 1984ರದು. ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಪ್ಪ ಬಿಡಲಿಲ್ಲ. ಮಂಡಿ ಆಪರೇಷನ್ ಆಗಿ ಕಿಕ್ ಹೊಡೆಯಲು ಆಗದೇ ಹೋದಾಗಲೇ ಬಿಟ್ಟಿದ್ದು.

ನಾನು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಲ್ಲಿ ಅಸಿಸ್ಟೆಂಟು. ಮೆಕ್ಯಾನಿಕ್ ಕೆಲಸ ಅಂತ ಮಾಡಿದ್ದು ನನ್ನ ಸ್ಕೂಟರಿನ ಪ್ಲಗ್ ಬದಲಾಯಿಸಿದ್ದು, ಅದೂ ಒಂದೇ ಸಲ. ಆದರೆ ಫೋನಲ್ಲಿ ಕೆಫೆ ರೇಸರ್ ಗಾಡಿಗಳನ್ನು ನೋಡಿ ನೋಡಿ ತಲೆ ಕೆಟ್ಟಿತ್ತು. ಒಂಟಿ ಸೀಟು, ತಗ್ಗಿದ ಹ್ಯಾಂಡಲ್, ಮೈಮೇಲೆ ಒಂದು ಚೂರೂ ಹೆಚ್ಚಿಗೆ ತಗಡಿಲ್ಲ. ಎಸ್.ಪಿ. ರಸ್ತೆಯಲ್ಲಿ ಒಂದು ಸ್ಪ್ಯಾನರ್ ಸೆಟ್ಟು ತಂದೆ. ಮನೆಯಲ್ಲಿ ಸುತ್ತಿಗೆ, ಗರಗಸದ ಬ್ಲೇಡು ಇತ್ತು. ಅಮ್ಮನ ಹಳೇ ಇಡ್ಲಿ ತಟ್ಟೆಗಳನ್ನೂ ಎತ್ತಿಕೊಂಡೆ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಭಾಗದ ನಟ್ಟು ಬೋಲ್ಟು. ಇದಕ್ಕಿಂತ ಒಳ್ಳೇ ಟ್ರೇ ನಾನು ಕಂಡಿಲ್ಲ. "ಇನ್ನು ಅದರಲ್ಲಿ ಇಡ್ಲಿ ಬೇಯಿಸಿದ ಹಾಗೇ" ಅಂದರು ಅಮ್ಮ.

ಮೊದಲ ಭಾನುವಾರ ಸುಲಭಕ್ಕೆ ಕೈಗೆ ಬಂದದ್ದನ್ನೆಲ್ಲ ಬಿಚ್ಚಿದೆ. ಕ್ಯಾರಿಯರ್, ಕ್ರ್ಯಾಶ್ ಗಾರ್ಡು, ಸೀರೆ ಗಾರ್ಡು. ಅಷ್ಟರಲ್ಲಿ ಗುಜರಿಯವನು ಕೂಗುತ್ತಾ ಬಂದ, ತೂಕಕ್ಕೆ ಹಾಕಿಬಿಟ್ಟೆ. 210 ರೂಪಾಯಿ ಬಂತು. ಗಾಂಧಿ ಬಜಾರಿಗೆ ಹೋಗಿ ಮಸಾಲೆ ದೋಸೆ ತಿಂದೆ. ಮಹಾ ಸಾಧನೆ ಮಾಡಿದ ಹಾಗಿತ್ತು.

ಪೆಟ್ರೋಲ್ ಟ್ಯಾಂಕಿನ ಒಳಗೆ ಬರೀ ತುಕ್ಕು. ಇದು ಮಾತ್ರ ನನಗೆ ಗೊತ್ತಿದ್ದ ವಿದ್ಯೆ. ಸೋಪು ನೀರಲ್ಲಿ ನಾಲ್ಕು ಸಲ ತೊಳೆದು ಪೆಟ್ರೋಲ್ ವಾಸನೆ ಹೋದಮೇಲೆ, ಕೆಳಗಿನ ತೂತಿಗೆ ರಬ್ಬರ್ ಬಿರಡೆ ಹಾಕಿ, ಗ್ರಂಧಿಗೆ ಅಂಗಡಿಯಿಂದ ತಂದ ಒಂದು ಕೆಜಿ ನಿಂಬೆಉಪ್ಪನ್ನು ಬಿಸಿನೀರಲ್ಲಿ ಕರಗಿಸಿ ತುಂಬಿದೆ. ಕಿವಿಯಿಟ್ಟರೆ ಒಳಗೆ ಸಣ್ಣಗೆ ಗುಳುಗುಳು ಸದ್ದು. ಬೆಳಿಗ್ಗೆ ಹೊರಗೆ ಬಂದದ್ದು ಗಟ್ಟಿ ಡಿಕಾಕ್ಷನ್ ಬಣ್ಣದ ನೀರು, ತಳದಲ್ಲಿ ಕಪ್ಪು ಗಸಿ. ಉಳಿದ ಹುಳಿ ಸಾಯಲಿ ಅಂತ ಅಡುಗೆ ಸೋಡಾ ನೀರು ಹಾಕಿ ಕುಲುಕಿದೆ. ಟಾರ್ಚ್ ಬಿಟ್ಟು ನೋಡಿದರೆ ಹೊಸ ಪಾತ್ರೆಯ ಹಾಗೆ ಬೂದು ಲೋಹ. ಖುಷಿಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕೇಸರಿ ಬಣ್ಣ! ಬರೀಮೈಯ ಕಬ್ಬಿಣಕ್ಕೆ ತೇವ ಸಿಕ್ಕರೆ ಸಾಕು. ಎರಡನೇ ಸಲ ಎಲ್ಲವನ್ನೂ ಮಾಡಿ, ತಕ್ಷಣ ಹೇರ್ ಡ್ರೈಯರ್‌ನಿಂದ ಒಣಗಿಸಿ, ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಸುರಿದು ಟ್ಯಾಂಕನ್ನು ಮಗು ಆಡಿಸಿದ ಹಾಗೆ ಆಡಿಸಿದೆ.

ತಗ್ಗಿದ ಹ್ಯಾಂಡಲ್ ಒಂದು ದಿನವೂ ಉಳಿಯಲಿಲ್ಲ. ಪೂರ್ತಿ ತಿರುಗಿಸಿದರೆ ಟ್ಯಾಂಕಿಗೂ ಹಿಡಿಗೂ ನಡುವೆ ಹೆಬ್ಬೆರಳು ಸಿಕ್ಕಿಕೊಳ್ಳುತ್ತಿತ್ತು. ಉಗುರು ಇನ್ನೂ ಕಪ್ಪಗಿದೆ. ಹಳೇದನ್ನೇ ಹಾಕಿದೆ.

ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು. ಆರ್‌ಟಿಓ ಅಲೆದಾಟ ಯಾರಿಗೆ ಬೇಕು, ಮೊದಲಿದ್ದ ಕಪ್ಪೇ ಇರಲಿ ಅಂತ ಸ್ಪ್ರೇ ಡಬ್ಬಿ ತಂದು ಹೊಡೆದೆ, ಮೇಲೆ ಕ್ಲಿಯರ್ ಕೋಟು. ಮುಖ ಕಾಣುವ ಹಾಗೆ ಹೊಳೆಯಿತು. ಮೊದಲ ಸಲ ಬಂಕಿಗೆ ಹೋದಾಗ ಮುಚ್ಚಳದ ಪಕ್ಕ ನಾಲ್ಕು ಹನಿ ಪೆಟ್ರೋಲ್ ಇಳಿಯಿತು. ಒರೆಸಲು ಹೋದರೆ ಬಣ್ಣವೇ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಬಟ್ಟೆಗೆ ಬಂತು. ಡಬ್ಬಿಯ ಮಾಮೂಲಿ ಬಣ್ಣ ಬರೀ ಒಣಗುತ್ತೆ, ಪೆಟ್ರೋಲ್ ಬಿದ್ದರೆ ಮತ್ತೆ ಕರಗುತ್ತೆ. ಹಾರ್ಡನರ್ ಬೆರೆಸುವ 2ಕೆ ಬಣ್ಣವಾದರೆ ರಾಸಾಯನಿಕವಾಗಿ ಗಟ್ಟಿಯಾಗುತ್ತೆ. ಹುಡುಗರಿಗೆ ದಿನಾ ದ್ರಾವಕ, ದ್ರಾವ್ಯ ಅಂತ ಬಾಟಲಿ ಜೋಡಿಸಿಕೊಡುವ ನನಗೆ ಇದು ಹೊಳೆಯಬೇಕಿತ್ತು. ಆ 2ಕೆ ಉಸಿರಾಟಕ್ಕೆ ಕೆಟ್ಟದ್ದು, ಶೆಡ್ಡಲ್ಲಿ ಹೊಡೆಯುವಂಥದ್ದಲ್ಲ. ಪೇಂಟರ್ ಕೈಗೆ ಕೊಟ್ಟೆ.

ಕೊನೆಗೆ ಉಳಿದದ್ದು ಸೀಟು. ಒಂಟಿ ಸೀಟಿಗೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಗಾಡಿಯ ಮೇಲಿಟ್ಟು ದೂರದಿಂದ ನೋಡುತ್ತಿದ್ದೆ. ಅಪ್ಪ ಕೋಲು ಊರಿಕೊಂಡು ಬಂದರು, ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಮ್ಮ. ನಿಮ್ಮಮ್ಮ ಎಲ್ಲಿ ಕೂತ್ಕೋತಾಳೆ?"

ಅಮ್ಮ ಯೆಜ್ಡಿ ಹತ್ತಿ ಹನ್ನೊಂದು ವರ್ಷವಾಗಿದೆ ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಆರ್‌ಸಿಯಲ್ಲೂ ಇಬ್ಬರು ಕೂರುವ ಗಾಡಿ ಅಂತಲೇ ಇದೆ. ಉದ್ದ ಸೀಟಿನ ತಗಡಿಗೇ ಹೊಸ ಫೋಮ್ ಅಂಟಿಸಿ, ಕಂದು ರೆಕ್ಸಿನ್ ಹೊಲಿಸಿದೆ. ಹಿಂದಿನ ಅರ್ಧ ಒಂದಿಂಚು ದಪ್ಪ ಮಾಡಿದೆ, ಅಮ್ಮನ ಸೊಂಟಕ್ಕೆ.

ಸೀಟು ಕೂರಿಸಿದ ಸಂಜೆ ಅಮ್ಮ ಹೊರಗೆ ಬಂದು ಸೀಟು ಸವರಿ, ಬಗ್ಗಿ ಹಿಂದಿನ ಚಕ್ರದ ಎಡಗಡೆ ನೋಡಿದರು. "ಸೆರಗು ಸಿಕ್ಕಿಕೊಂಡ್ರೆ? ಇಲ್ಲೊಂದು ಜಾಲರಿ ಇತ್ತಲ್ಲೇ?"

ಹಿಂದೆ ಕೂರುವವರ ಬಟ್ಟೆ ಸಿಕ್ಕದ ಹಾಗೆ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ, 123ನೇದು. ಅದನ್ನು ನಾನು ಓದಿದ್ದು ಆ ರಾತ್ರಿ.

ಜೆ.ಸಿ. ರಸ್ತೆಯಲ್ಲಿ ಆರು ಅಂಗಡಿ ತಿರುಗಿದೆ. ಏಳನೆಯವರು ಅಟ್ಟ ಹತ್ತಿ, ಧೂಳು ಕೊಡವಿ, ಹಳೇ ಸೀರೆ ಗಾರ್ಡೊಂದನ್ನು ಕೊಟ್ಟರು. 1,100 ರೂಪಾಯಿ, ಚೌಕಾಸಿ ಇಲ್ಲ.

"ಗಾಡೀಲಿ ಬಂದಿರೋದು ಇರ್ಬೇಕಲ್ಲ ಮೇಡಂ, ಏನಾಯ್ತು?"

"ಕಳೆದುಹೋಯ್ತು" ಅಂದೆ.