ಮಳೆಗಾಲದಲ್ಲಿ ಚಾರ್ಜರ್ ಎಲ್ಲಿಡುವುದು?

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುತ್ತೇನೆ ಎಂದರೆ ಎಲ್ಲರೂ ಕೇಳುವುದು ಒಂದೇ ಮಾತು: ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ? ಬೆಳಗಾವಿಯ ಶಹಾಪುರದಿಂದ ಉದ್ಯಮಬಾಗಕ್ಕೆ ಹೋಗಿ ಬರುವವಳಿಗೆ ಆ ಪ್ರಶ್ನೆಯಿಂದ ಏನೂ ಇತ್ಯರ್ಥವಾಗುವುದಿಲ್ಲ. ಗೋವಾವೇಸ್, ಖಾನಾಪುರ ರಸ್ತೆ, ಮೂರನೇ ರೈಲ್ವೆ ಗೇಟಿನ ಮೇಲ್ಸೇತುವೆ ದಾಟಿದರೆ ನಮ್ಮ ಫೌಂಡ್ರಿಯ ಕಚೇರಿ. ಸಂತೆ, ಪೇಟೆ ಸೇರಿಸಿದರೂ ದಿನಕ್ಕೆ ಹದಿನೈದು ಕಿಲೋಮೀಟರ್ ದಾಟದು. ನಾನು ಕೊಂಡ, 3.5 ಕಿಲೋವ್ಯಾಟ್ ಅವರ್ ಬ್ಯಾಟರಿಯ ಬಜಾಜ್ ಚೇತಕ್‌ಗೆ 153 ಕಿ.ಮೀ. ಎಂದು ಬರೆದಿರುವುದು ಪ್ರಯೋಗಾಲಯದ ಅಂಕಿ. ರಸ್ತೆಯಲ್ಲಿ ಅದರ ಮೂರನೇ ಒಂದು ಪಾಲು ಕಳೆದರೂ ನನ್ನ ವಾರದ ಓಡಾಟಕ್ಕೆ ಸಾಕು.

ನನ್ನನ್ನು ಕಾಡಿದ್ದು ಮಳೆ. ಬೆಳಗಾವಿಯಲ್ಲಿ ಜುಲೈ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ, ಗಾಳಿ ಸೇರಿದರೆ ಅಡ್ಡಡ್ಡ ಹೊಡೆಯುತ್ತದೆ. ನಾವಿರುವುದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಗಾಡಿ ನಿಲ್ಲುವುದು ಕೆಳಗೆ, ಮೆಟ್ಟಿಲ ಪಕ್ಕದ ತಗಡಿನಡಿ. ಅಲ್ಲಿ ಎರಚಲು ಗೋಡೆಯನ್ನು ಮೊಣಕಾಲೆತ್ತರದವರೆಗೆ ತೋಯಿಸಿಬಿಡುತ್ತದೆ.

ಹೀಗಾಗಿ ಶೋರೂಂಗಳಲ್ಲಿ ನಾನು ಮೊದಲು ಕೇಳಿದ್ದು, ಚಾರ್ಜರ್ ತೋರಿಸಿ ಎಂದು. ಟಿವಿಎಸ್ ಕಂಪನಿಯ ಐಕ್ಯೂಬ್ ಸ್ಕೂಟರಿನದು ಪ್ರತ್ಯೇಕ ಪೆಟ್ಟಿಗೆ. ಒಂದು ತುದಿ ಗೋಡೆಗೆ, ಇನ್ನೊಂದು ಗಾಡಿಗೆ. ಒದ್ದೆ ನೆಲದ ಮೇಲೆ ಅದನ್ನು ರಾತ್ರಿಯಿಡೀ ಇಡುವಂತಿಲ್ಲ. ಓಡಿಸಲು ಮಾತ್ರ ನನಗೆ ಅದೇ ಹೆಚ್ಚು ಹಿಡಿಸಿತ್ತು. ಅವ್ವನನ್ನು ಹಿಂದೆ ಕೂರಿಸಿಕೊಂಡು ಮೇಲ್ಸೇತುವೆ ಏರಿದಾಗಲೂ ಸ್ವಲ್ಪವೂ ತಿಣುಕಲಿಲ್ಲ. ಹೀರೋ ಕಂಪನಿಯ ವಿಡಾ ಸ್ಕೂಟರಿನ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೇ ಒಯ್ಯಬಹುದು, ಮಹಡಿ ಮನೆಯವರಿಗೆ ಹೇಳಿ ಮಾಡಿಸಿದ್ದು. ಆದರೆ ಒಂದೊಂದೂ ಹತ್ತು ಕಿಲೋ ದಾಟುತ್ತದೆ. ಡಬ್ಬಿ, ರೇನ್‌ಕೋಟ್, ತರಕಾರಿ ಚೀಲದ ಜೊತೆಗೆ ಅದನ್ನೂ ಹೊತ್ತು ಜಾರುವ ಮೆಟ್ಟಿಲು ಹತ್ತುವುದು ನನ್ನಿಂದಾಗದು.

ಚೇತಕ್ 3501ರಲ್ಲಿ ಚಾರ್ಜರ್ ಗಾಡಿಯೊಳಗೇ ಇದೆ. ಹೊರಗೆ ಬರುವುದು ತಂತಿ ಮಾತ್ರ. ಅದೇ ಸರಣಿಯ 3502ರ ಬೆಲೆ ಕಡಿಮೆ, ಬ್ಯಾಟರಿ ಅಷ್ಟೇ ದೊಡ್ಡದು, ಆದರೆ ಅದಕ್ಕೆ ಮತ್ತೆ ಹೊರಗಿನ ಪೆಟ್ಟಿಗೆ. ಹೆಚ್ಚು ದುಡ್ಡು ಕೊಟ್ಟು 3501 ತೆಗೆದುಕೊಂಡೆ. ಆ ದುಡ್ಡು ಸಾರ್ಥಕ ಎಂದೇ ನನ್ನ ಲೆಕ್ಕ.

ಇನ್ನು ಪ್ಲಗ್. ಮನೆ ಮಾಲೀಕರಾದ ಕಾಕಾ, "ಸಬ್ ಮೀಟರ್ ಹಾಕಿಸಿಕೊಳ್ಳಮ್ಮ, ಬಂದಷ್ಟು ಯೂನಿಟ್ಟಿಗೆ ಕೊಟ್ಟರಾಯಿತು" ಎಂದರು. ಬ್ಯಾಟರಿ ಪೂರ್ತಿ ತುಂಬಲು ಬೇಕಾಗುವುದು ನಾಲ್ಕು ಯೂನಿಟ್ ಆಸುಪಾಸು. ಎಲೆಕ್ಟ್ರಿಷಿಯನ್ 15 ಆಂಪಿಯರ್ ಪ್ಲಗ್ಗನ್ನು ಎದೆಯೆತ್ತರದಲ್ಲಿ, ಮುಚ್ಚಳವಿರುವ ಡಬ್ಬಿಯೊಳಗೆ ಕೂರಿಸಿದ. ಅರ್ಥಿಂಗ್ ಪರೀಕ್ಷಿಸಿದರೆ ಆ ಗೋಡೆಗೆ ಅದು ಬಂದೇ ಇರಲಿಲ್ಲ. ಹೊಸ ತಂತಿ ಎಳೆಸಿದೆವು, ಜೊತೆಗೆ ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆವು. ನೀವು ಯಾವ ಸ್ಕೂಟರ್ ಆರಿಸಿದರೂ ಮುಂಗಡ ಕೊಡುವ ಮೊದಲು ಈ ಅರ್ಥಿಂಗ್ ಒಂದನ್ನು ದಯವಿಟ್ಟು ನೋಡಿಸಿಕೊಳ್ಳಿ. ಹಳೆಯ ಮನೆಗಳಲ್ಲಿ ಪ್ಲಗ್ಗಿನ ಮೂರನೇ ತೂತು ಎಷ್ಟೋ ಸಲ ಹೆಸರಿಗಷ್ಟೇ ಇರುತ್ತದೆ.